ಓರೆ ತೊಲೆಯ ಮೇಲೆ ಕಾಲವನ್ನು ಅಳೆದವನು

ಗೆಲಿಲಿಯೊನ ಹೆಸರು ಕೇಳಿದೊಡನೆ ವಿದ್ಯಾರ್ಥಿಗಳಿಗೆ ದೂರದರ್ಶಕವು ನೆನಪಾಗುತ್ತದೆ; ನನಗಾದರೋ ಓರೆಯಾಗಿರಿಸಿದ ಒಂದು ಮರದ ತೊಲೆ.

1564ರಲ್ಲಿ ಇಟಲಿಯ ಪೀಸಾದಲ್ಲಿ, ಸಂಗೀತಜ್ಞನೊಬ್ಬನ ಮಗನಾಗಿ ಈತನು ಜನಿಸಿದನು. ಮಗನು ವೈದ್ಯನಾಗಲೆಂಬುದು ತಂದೆಯ ಬಯಕೆ. ಮಗನೋ ಪದವಿ ಪಡೆಯದೆಯೇ ವಿದ್ಯಾಪೀಠವನ್ನು ಬಿಟ್ಟು ಗಣಿತದ ಬೆನ್ನು ಹತ್ತಿದನು. ಮುಂದೆ 1589ರಲ್ಲಿ ಅದೇ ಪೀಸಾದಲ್ಲಿ, 1592ರಲ್ಲಿ ಪಾಡುವಾದಲ್ಲಿ ಅಧ್ಯಾಪಕನಾದನು.

ಭಾರವಾದುದು ಹಗುರವಾದುದಕ್ಕಿಂತ ಬೇಗ ಬೀಳುವುದೆಂಬ ಅರಿಸ್ಟಾಟಲನ ಮತವು ಅಂದಿನ ಪಂಡಿತರಲ್ಲಿ ಬೇರೂರಿತ್ತು. ಗಾಳಿಯ ತಡೆಯಿಲ್ಲದಿದ್ದರೆ ಎಲ್ಲವೂ ಒಟ್ಟಿಗೆ ಬೀಳುವುವೆಂದು ಗೆಲಿಲಿಯೊ ತರ್ಕಿಸಿದನು. ಬೀಳುವ ಬಗೆಯನ್ನು ಅಳೆಯಲೂ ಹೊರಟನು. ಆದರೆ ಕೈಬಿಟ್ಟ ಗುಂಡು ಎವೆಯಿಕ್ಕುವಷ್ಟರಲ್ಲಿ ನೆಲ ಸೇರುತ್ತದೆ. ಅಷ್ಟು ಸೂಕ್ಷ್ಮ ಕಾಲವನ್ನು ತೋರುವ ಗಡಿಯಾರ ಆಗ ಇರಲಿಲ್ಲ. ಆದುದರಿಂದ ತೊಲೆಯಲ್ಲಿ ತೋಡು ಕೊರೆದು, ಓರೆಯಾಗಿರಿಸಿ, ಕಂಚಿನ ಗುಂಡನ್ನು ಉರುಳಿಸಿದನು. ಅದು ಉರುಳುವಷ್ಟು ಹೊತ್ತು ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನು ಗಣಿಸಿದನು. ಕಾಲ ಇಮ್ಮಡಿಯಾದರೆ ದೂರ ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತು ಮಡಿ. ವೇಗವು ಕಾಲದೊಡನೆ ಒಂದೇ ಸಮನೆ ಏರುತ್ತದೆ.

ಮೊಳಕಾಲ್ಮೂರಿನ ಬಂಡೆಗುಡ್ಡಗಳನ್ನು ನೋಡುವಾಗ ಆತನ ಇನ್ನೊಂದು ತತ್ತ್ವವು ನನ್ನ ಮನಸ್ಸಿಗೆ ಬರುತ್ತದೆ. ನೆಲದ, ಗಾಳಿಯ ತಡೆಯಿಲ್ಲದಿದ್ದರೆ, ಒಂದೇ ಎತ್ತರದಿಂದ ಜಾರುವ ಕಲ್ಲು ಕಡಿದಾದ ಮಗ್ಗುಲಲ್ಲಿ ಇಳಿದರೂ ನೀಳವಾದ ಮಗ್ಗುಲಲ್ಲಿ ಇಳಿದರೂ ಬುಡದಲ್ಲಿ ಅದರ ವೇಗ ಒಂದೇ. ಬೇರೆಯಾಗುವುದು ಕಾಲ, ನೇರವಾದ ಇಳಿಜಾರಿನ ಉದ್ದ ಎರಡರಷ್ಟಾದರೆ ಹೊತ್ತೂ ಎರಡರಷ್ಟು.

ನೆರೆಯ ಚಳ್ಳಕೆರೆಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯು ರೆಕ್ಕೆಯುಳ್ಳ ನೌಕೆಯೊಂದನ್ನು 4.5 ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಕೈಬಿಡಿಸಿತು. ಗಾಳಿಯ ತಡೆಯಿಲ್ಲದೆ ನೇರವಾಗಿ ಬಿದ್ದಿದ್ದರೆ ಸುಮಾರು 30 ಸೆಕೆಂಡಿನಲ್ಲಿ, ಗಂಟೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಅದು ನೆಲಕ್ಕಪ್ಪಳಿಸಬೇಕಾಗಿತ್ತು. ಅದು ಓರೆದಾರಿ ಹಿಡಿದು ಕಾಲವನ್ನು ಗಳಿಸಿತು. ಗಾಳಿಗೆ ವೇಗವನ್ನು ತೆತ್ತು, ಎಂಜಿನ್ನಿನ ನೆರವಿಲ್ಲದೆ ಓಡುದಾರಿಯ ಮೇಲೆ ಇಳಿಯಿತು. 2024ರ ಜೂನ್ 23ರ ಮೂರನೆಯ ಪರೀಕ್ಷೆಯಲ್ಲಿ ನೆಲ ಮುಟ್ಟಿದ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು.

ಇಂಥ ಲೆಕ್ಕಕ್ಕೆ ತಳಹದಿ ಹಾಕಿದವನ ಮುಪ್ಪು ಸುಖದ್ದಾಗಿರಲಿಲ್ಲ. ಭೂಮಿಯು ಸೂರ್ಯನನ್ನು ಸುತ್ತುವುದೆಂಬ ಮತವನ್ನು ಎತ್ತಿಹಿಡಿದುದಕ್ಕಾಗಿ 1633ರಲ್ಲಿ ರೋಮಿನ ಧರ್ಮನ್ಯಾಯಾಲಯವು ಆತನನ್ನು ಮಂಡಿಯೂರಿಸಿ ಅದನ್ನು ತೊರೆಯುವಂತೆ ಮಾಡಿತು. ಉಳಿದ ಆಯುಷ್ಯವು ಗೃಹಬಂಧನದಲ್ಲಿ ಕಳೆಯಿತು. ಆಕಾಶದ ಮಾತು ನಿಷಿದ್ಧವಾಗಲು, ಎಪ್ಪತ್ತರ ಆ ಮುದುಕನು ಪಾಡುವಾದ ದಿನಗಳ ಓರೆ ತೊಲೆಗೆ ಮರಳಿ, ಚಲನೆಯನ್ನು ಕುರಿತ ತನ್ನ ಮಹಾಗ್ರಂಥವನ್ನು ಬರೆದು ಮುಗಿಸಿದನು. ಅದು ಗಡಿಗಳನ್ನು ದಾಟಿ 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಆತನ ಎರಡು ಕಣ್ಣುಗಳೂ ಹೋಗಿದ್ದುವು. ಆ ಪುಟಗಳನ್ನು ಓದುವ ಭಾಗ್ಯ ಆತನಿಗಿರಲಿಲ್ಲ. 1642ರ ಜನವರಿ 8ರಂದು, ಬಂಧನದ ಆ ಮನೆಯಲ್ಲಿಯೇ, ಗೆಲಿಲಿಯೊ ತೀರಿಕೊಂಡನು.