ವಿಕ್ರಂ ಸಾರಾಭಾಯ್: ಇನ್ಸಾಟ್ ಕನಸು ಕಂಡವರು, ಅದು ನನಸಾಗುವ ಮುನ್ನವೇ ಹೊರಟರು

1977ರ ನವೆಂಬರ್ 19. ವಿಜಯವಾಡದಿಂದ ಕೆಳಗೆ, ಕೃಷ್ಣಾ ನದಿ ಸಮುದ್ರ ಸೇರುವ ದಿವಿಸೀಮೆಗೆ ಚಂಡಮಾರುತ ಅಪ್ಪಳಿಸಿತು. ಉಕ್ಕಿದ ಸಮುದ್ರ ಊರುಗಳನ್ನೇ ನುಂಗಿತು. ಕನಿಷ್ಠ 10 ಸಾವಿರ ಮಂದಿ ಪ್ರಾಣ ಕಳೆದುಕೊಂಡರು. ವಿಶಾಖಪಟ್ಟಣದಲ್ಲಿ ಚಂಡಮಾರುತ ಎಚ್ಚರಿಕೆ ಕೇಂದ್ರವೇನೋ ಇತ್ತು. ಆದರೆ ಸದಾ ಮೋಡಗಳ ಮೇಲೆ ಕಣ್ಣಿಟ್ಟು, ಹಳ್ಳಿಗಳಿಗೆ ನೇರವಾಗಿ ಸುದ್ದಿ ಮುಟ್ಟಿಸುವ ಸ್ವಂತ ಉಪಗ್ರಹ ಭಾರತಕ್ಕೆ ಇರಲಿಲ್ಲ. ಅಂಥದ್ದೊಂದು ಬೇಕೆಂದು ಶ್ರಮಿಸಿದ್ದ ವಿಕ್ರಂ ಸಾರಾಭಾಯ್ ಆಗ ಬದುಕಿರಲಿಲ್ಲ.

1919ರ ಆಗಸ್ಟ್ 12ರಂದು ಅಹಮದಾಬಾದ್‌ನ ಸಿರಿವಂತ ಉದ್ಯಮಿ ಕುಟುಂಬದಲ್ಲಿ ಹುಟ್ಟಿದ ಸಾರಾಭಾಯ್, ಕೇಂಬ್ರಿಡ್ಜ್‌ನಲ್ಲಿ ಓದಿದರು. ಎರಡನೇ ಮಹಾಯುದ್ಧದ ವೇಳೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಮಾರ್ಗದರ್ಶನದಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ನಡೆಸಿದರು.

1963ರಲ್ಲಿ ತುಂಬಾದಿಂದ ಮೊದಲ ರಾಕೆಟ್ ಹಾರಿಸಿದ್ದು ಅವರ ನೇತೃತ್ವದಲ್ಲೇ. 1969ರಲ್ಲಿ ಇಸ್ರೋ ಸ್ಥಾಪನೆಯಾಯಿತು. ಬಡ ದೇಶಕ್ಕೆ ಬಾಹ್ಯಾಕಾಶವೇಕೆ ಎಂಬ ಟೀಕೆಗೆ ಅವರು ಕೆಲಸದಲ್ಲೇ ಉತ್ತರ ಕೊಟ್ಟರು. ಅದೇ ವರ್ಷ ನಾಸಾ ಜತೆ ಒಪ್ಪಂದವಾಯಿತು. ಅಮೆರಿಕದ ಉಪಗ್ರಹದ ಮೂಲಕ ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಟಿವಿ ಕಾರ್ಯಕ್ರಮ ತಲುಪಿಸುವ ಯೋಜನೆ ಅದು. 1975ರ ಆಗಸ್ಟ್‌ನಿಂದ ಒಂದು ವರ್ಷ ಕರ್ನಾಟಕ, ಆಂಧ್ರ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಈ ಪ್ರಯೋಗ ನಡೆಯಿತು.

ಅದನ್ನು ನೋಡಲು ಸಾರಾಭಾಯ್ ಇರಲಿಲ್ಲ. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಅವರು ನಿಧನರಾದರು. ವಯಸ್ಸು ಕೇವಲ 52.

ಇನ್ಸಾಟ್-1ಎ 1982ರಲ್ಲಿ ಕಕ್ಷೆ ಸೇರಿದರೂ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರಲ್ಲಿ ಹೋದ ಇನ್ಸಾಟ್-1ಬಿ ಯಶಸ್ವಿಯಾಯಿತು. ದೂರವಾಣಿ, ಟಿವಿ, ಹವಾಮಾನ ಮೂರೂ ಒಂದೇ ಉಪಗ್ರಹದಲ್ಲಿ. ಅದರ ನಿಯಂತ್ರಣ ನಮ್ಮ ಹಾಸನದಿಂದ.

ಮುಂದೆ ಆಂಧ್ರದ ಕರಾವಳಿ ಹಳ್ಳಿಗಳಲ್ಲಿ ಇನ್ಸಾಟ್ ಮೂಲಕ ಸೈರನ್ ಮೊಳಗಿಸಿ, ಸ್ಥಳೀಯ ಭಾಷೆಯಲ್ಲೇ ಎಚ್ಚರಿಕೆ ನೀಡುವ ರಿಸೀವರ್‌ಗಳು ಬಂದವು. 1990ರ ಮೇ ತಿಂಗಳಲ್ಲಿ ಅದೇ ಕೃಷ್ಣಾ ತೀರಕ್ಕೆ ಭಾರಿ ಚಂಡಮಾರುತ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಲಾಯಿತು. ಆಗಲೂ ಸುಮಾರು ಸಾವಿರ ಜನ ಸತ್ತರು. ಆದರೆ 1977ರ ಘೋರ ಮರುಕಳಿಸಲಿಲ್ಲ. ಇದು ಉಪಗ್ರಹವೊಂದರದ್ದೇ ಸಾಧನೆಯಲ್ಲ, ಅಧಿಕಾರಿಗಳೂ ಊರವರೂ ಓಡಾಡಿದ್ದರು. ಆದರೆ ಓಡಾಡಲು ಅವರಿಗೆ ಸಮಯ ಸಿಕ್ಕಿತ್ತು.