ಮೂರು ಗೋಪುರಗಳ ಒಡೆಯ ಕಾಸ್ಪಾರ್ ಸ್ಟೋಕಾಲ್ಪರ್

ಸ್ವಿಜರ್ಲೆಂಡಿನ ದಕ್ಷಿಣದಲ್ಲಿ, ಆಲ್ಪ್ಸ್ ಪರ್ವತಗಳ ಬುಡದಲ್ಲಿರುವ ಬ್ರೀಗ್ ಪಟ್ಟಣವನ್ನು ಪ್ರವೇಶಿಸುವವರಿಗೆ ದೂರದಿಂದಲೇ ಮೂರು ಎತ್ತರದ ಗೋಪುರಗಳು ಕಾಣಿಸುತ್ತವೆ. ಅವುಗಳಿಗೆ ಬಾಲಯೇಸುವನ್ನು ಅರಸಿ ಬಂದ ಮೂವರು ಅರಸರ ಹೆಸರುಗಳು: ಕಾಸ್ಪಾರ್, ಮೆಲ್ಕಿಯೋರ್, ಬಾಲ್ತಜಾರ್. ನಮ್ಮ ಹಿರಿಯರ ಕಾಲದ ಕುಟುಂಬಗಳಲ್ಲಿಯೂ ಈ ಹೆಸರುಗಳು ಅಪರಿಚಿತವಲ್ಲ. ಮೂರರಲ್ಲಿ ಅತಿ ಎತ್ತರದ್ದು ಕಾಸ್ಪಾರ್. ಕಟ್ಟಿಸಿದವನ ಹೆಸರೂ ಕಾಸ್ಪಾರ್ ಎಂಬುದನ್ನು ವಾಚಕರು ಗಮನಿಸಬೇಕು.

ಕಾಸ್ಪಾರ್ ಸ್ಟೋಕಾಲ್ಪರ್ 1609ರಲ್ಲಿ ಬ್ರೀಗ್‌ನಲ್ಲಿ ಜನಿಸಿದನು. ಅವನ ನಾಡಾದ ವಲೇ ಅಂದು ಸ್ವಿಸ್ ಒಕ್ಕೂಟದ ಮಿತ್ರರಾಜ್ಯವಾಗಿತ್ತು. ಸಿಯೋನ್‌ನ ಬಿಷಪರೇ ಅಲ್ಲಿಯ ಪ್ರಭುಗಳೆನಿಸಿದ್ದರೂ, ಏಳು ಜಿಲ್ಲೆಗಳ ಪ್ರಮುಖರು ಲೌಕಿಕ ಅಧಿಕಾರವನ್ನು ಕ್ರಮೇಣ ತಮ್ಮ ಕೈಗೆ ತೆಗೆದುಕೊಳ್ಳುತ್ತಿದ್ದ ಕಾಲವದು. ಯೇಸುಸಭೆಯ ಗುರುಗಳಲ್ಲಿ ಕಲಿತ ಈ ಯುವಕ, ಬಳಿಕ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿಯೂ ಓದಿ ಹಲವು ಭಾಷೆಗಳನ್ನು ವಶಪಡಿಸಿಕೊಂಡನು.

ಅವನ ಭಾಗ್ಯವು ತೆರೆದುದು ಸಿಂಪ್ಲೋನ್ ಕಣಿವೆಮಾರ್ಗದಲ್ಲಿ. ಸುಮಾರು 2000 ಮೀಟರ್ ಎತ್ತರದ ಈ ದಾರಿ ಇಟಲಿಯನ್ನು ಉತ್ತರದ ನಾಡುಗಳೊಡನೆ ಜೋಡಿಸುತ್ತದೆ. ಮೂವತ್ತು ವರ್ಷಗಳ ಯುದ್ಧವು ಇತರ ದಾರಿಗಳನ್ನು ಅಪಾಯಕ್ಕೆ ಈಡುಮಾಡಿದ್ದಾಗ ಇದರ ಬೆಲೆ ಹೆಚ್ಚಿತು. 1634ರಲ್ಲಿ ಕರಿಞಾನೊ ರಾಜಮನೆತನದ ರಾಜಕುಮಾರಿಯನ್ನು ಪರಿವಾರಸಮೇತ ಹಿಮದ ನಡುವೆ ಸುರಕ್ಷಿತವಾಗಿ ದಾಟಿಸಿದ ಮೇಲೆ ಅವನ ಹೆಸರು ಯೂರೋಪಿನ ಅರಮನೆಗಳನ್ನು ಮುಟ್ಟಿತು. ಅವನು ದಾರಿಯನ್ನು ಸರಿಪಡಿಸಿದನು. ಸರಕುಗಳಿಗೆ ಉಗ್ರಾಣ, ಪ್ರಯಾಣಿಕರಿಗೆ ತಂಗುದಾಣ ಕಟ್ಟಿಸಿದನು.

ಆದರೆ ಅವನನ್ನು ನಿಜವಾಗಿ ಬೆಳೆಸಿದುದು ಉಪ್ಪು. ಹಸುಗಳಿಗೂ ಚೀಸಿಗೂ ಉಪ್ಪಿಲ್ಲದೆ ಮಲೆನಾಡಿಗರ ಬದುಕು ಸಾಗದು. ವಲೇ ನಾಡಿಗೋ ಅದು ಹೊರಗಿನಿಂದಲೇ ಬರಬೇಕು. 1640ರ ದಶಕದ ಕೊನೆಗೆ ಉಪ್ಪಿನ ಏಕಸ್ವಾಮ್ಯವು ಅವನ ಪಾಲಾಯಿತು. ಅದನ್ನು ಸಾಗಿಸಲು 1651ರಿಂದ 1659ರವರೆಗೆ ರೋನ್ ನದಿಯ ಕೆಳಬಯಲಿನಲ್ಲಿ ಒಂದು ಕಾಲುವೆಯನ್ನೇ ತೋಡಿಸಿದನು. ಇದಲ್ಲದೆ ಫ್ರಾನ್ಸಿನ ಸೇವೆಗೆ ಕೂಲಿ ಸೈನಿಕರನ್ನು ಒದಗಿಸಿದನು, ಬಡ್ಡಿಗೆ ಸಾಲ ಕೊಟ್ಟನು. ನಾಡಿನ ಅನೇಕರು ಅವನ ಸಾಲಗಾರರಾದರು. ಸಾರ್ವಜನಿಕ ಅಧಿಕಾರವನ್ನೂ ಸ್ವಂತ ವ್ಯಾಪಾರವನ್ನೂ ಅವನು ಬೇರೆಬೇರೆಯಾಗಿ ಇಡಲಿಲ್ಲ. ಇದನ್ನು ಮರೆಮಾಚಿ ಬರೆಯುವುದು ನಮಗೆ ಸರಿಕಾಣದು.

ಅದೇ ಕೈ ಧರ್ಮಕಾರ್ಯಕ್ಕೂ ಧಾರಾಳವಾಗಿತ್ತು. 1627ರಲ್ಲಿ ವಲೇಯಿಂದ ಹೊರಹಾಕಲ್ಪಟ್ಟಿದ್ದ ಯೇಸುಸಭೆಯವರು ಬ್ರೀಗ್‌ನಲ್ಲಿ ಮತ್ತೆ ನೆಲೆಯೂರಿ 1662ರಲ್ಲಿ ಕಾಲೇಜನ್ನು ತೆರೆದುದು ಅವನ ನೆರವಿನಿಂದ. ಹೆಣ್ಣುಮಕ್ಕಳ ವಿದ್ಯೆಗಾಗಿ ಉರ್ಸುಲಾ ಸಭೆಯ ಭಗಿನಿಯರು ಅಲ್ಲಿಗೆ ಬಂದುದರಲ್ಲಿಯೂ ಅವನ ಪಾತ್ರವಿತ್ತು. ಆ ಬೆಟ್ಟದೂರಿನಲ್ಲಿ, ಆ ಶತಮಾನದಲ್ಲಿ, ಹುಡುಗಿಯರಿಗೆ ಶಾಲೆಯೆಂಬುದು ಸಾಮಾನ್ಯ ಸಂಗತಿಯಾಗಿರಲಿಲ್ಲ.

1670ರಲ್ಲಿ ಅವನು ವಲೇಯ ಅತ್ಯುನ್ನತ ಪದವಿಯಾದ ನಾಡನಾಯಕತ್ವಕ್ಕೆ ಆಯ್ಕೆಯಾದನು. 1658ರಲ್ಲಿ ಆರಂಭಿಸಿದ್ದ ಅರಮನೆಯ ಕೆಲಸ 1678ರಲ್ಲಿ ಮುಗಿಯಿತು. ಮುಗಿದ ವರ್ಷವೇ ಅವನ ಪತನದ ವರ್ಷವೂ ಆಯಿತು. ಇತರ ಪ್ರಮುಖ ಮನೆತನಗಳು ಒಂದಾಗಿ ಅವನ ಮೇಲೆ ಆರೋಪ ಹೊರಿಸಿದವು. ಪದವಿ ಹೋಯಿತು, ಉಪ್ಪಿನ ಹಕ್ಕು ಹೋಯಿತು, ಸಂಪತ್ತಿನ ದೊಡ್ಡ ಪಾಲು ದಂಡವಾಗಿ ಹೋಯಿತು. ಆರೋಪಿಸಿದವರಲ್ಲಿ ನ್ಯಾಯದ ಹಸಿವಿಗಿಂತ ಅಸೂಯೆಯೇ ಹೆಚ್ಚಾಗಿತ್ತೆಂದು ನಮಗೆ ತೋರುತ್ತದೆ. ಆದರೂ ಜನರ ಅಸಮಾಧಾನಕ್ಕೆ ಕಾರಣವೇ ಇರಲಿಲ್ಲವೆನ್ನಲಾಗದು.

1679ರಲ್ಲಿ, ಎಪ್ಪತ್ತರ ಆ ವೃದ್ಧನು ತಾನೇ ಸರಿಪಡಿಸಿದ ಸಿಂಪ್ಲೋನ್ ದಾರಿಯನ್ನು ದಾಟಿ, ಇಟಲಿಯ ಕಡೆಯ ದೋಮೊದೊಸ್ಸೊಲಕ್ಕೆ ಪಲಾಯನಗೈದನು. ಆರು ವರ್ಷ ಪರಸ್ಥಳವಾಸ. 1685ರಲ್ಲಿ ಹಿಂದಿರುಗಲು ಅವಕಾಶ ದೊರೆಯಿತು. ಹಳೆಯ ಅಧಿಕಾರ ಮಾತ್ರ ಮರಳಲಿಲ್ಲ. 1691ರ ಏಪ್ರಿಲ್ 29ರಂದು, ತನ್ನ 81ನೆಯ ವಯಸ್ಸಿನಲ್ಲಿ, ಬ್ರೀಗ್‌ನಲ್ಲಿಯೇ ಕಣ್ಣುಮುಚ್ಚಿದನು.

ಅವನು ಹಲವು ಭಾಷೆಗಳನ್ನು ಬೆರೆಸಿ ಬರೆದಿಟ್ಟ ಲೆಕ್ಕದ ಪುಸ್ತಕಗಳು ಉಳಿದು ಬಂದು, 20ನೆಯ ಶತಮಾನದಲ್ಲಿ ಅಚ್ಚಾದವು. ಗೊಂಡೊ ಗ್ರಾಮದಲ್ಲಿ ಅವನು ಕಟ್ಟಿಸಿದ ಗೋಪುರವನ್ನು 2000ದ ಅಕ್ಟೋಬರ್‌ನಲ್ಲಿ ಭೂಕುಸಿತವೊಂದು ಸೀಳಿತು. ಆ ದಿನ 13 ಮಂದಿ ಪ್ರಾಣ ಕಳೆದುಕೊಂಡರು. ಗೋಪುರವನ್ನು ಪುನಃ ಕಟ್ಟಲಾಗಿದೆ. ಬ್ರೀಗ್‌ನ ಅರಮನೆಯು 1948ರಲ್ಲಿ ಸಾರ್ವಜನಿಕರ ಸ್ವತ್ತಾಯಿತು.