ದರ್ಜಿಯ ಮಗ ಫೋರಿಯರ್ ಮತ್ತು ನಮ್ಮನೆಯ ಮಸುಕು ವಿಡಿಯೋ

ಒಂದೇ ಮನೆ, ಒಂದೇ ವೈಫೈ, ಒಂದೇ ಸಿನಿಮಾ. ಬೆಳಗ್ಗೆ ನೋಡಿದರೆ ಹೀರೋ ಗಡ್ಡದ ಒಂದೊಂದು ಕೂದಲೂ ಕಾಣುತ್ತೆ. ರಾತ್ರಿ ಎಲ್ಲರೂ ನೆಟ್ ಬಳಸೋಕೆ ಶುರು ಮಾಡಿದ ಮೇಲೆ ಅದೇ ಮುಖ ಮಸುಕು. ಮಳೆ ಸೀನ್ ಬಂದರಂತೂ ಬರೀ ಚೌಕ ಚೌಕ. ನಾವು ರೌಟರ್‌ಗೆ ಬೈತೀವಿ. ಆದರೆ ಇದರ ಹಿಂದಿನ ಗಣಿತ ಶುರುವಾಗೋದು ನಮ್ಮ ಸಿಲಬಸ್‌ನಲ್ಲೇ ಇರುವ ಫೋರಿಯರ್ ಅವರಿಂದ. ಸೂತ್ರ ನಮಗೆಲ್ಲ ಗೊತ್ತು, ಇವತ್ತು ಮನುಷ್ಯನನ್ನು ನೋಡೋಣ.

ಜೋಸೆಫ್ ಫೋರಿಯರ್ ಹುಟ್ಟಿದ್ದು 1768ರಲ್ಲಿ, ಫ್ರಾನ್ಸಿನ ಓಸೇರ್‌ನಲ್ಲಿ. ಅಪ್ಪ ದರ್ಜಿ. ಹತ್ತು ವರ್ಷದ ಆಸುಪಾಸಿನಲ್ಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡರು. ಊರಿನ ಸೈನಿಕ ಶಾಲೆಯಲ್ಲಿ ಗಣಿತದ ಹುಚ್ಚು ಹಿಡೀತು. ಕ್ರಾಂತಿಯ ಗಲಾಟೆಯಲ್ಲಿ 1794ರಲ್ಲಿ ಜೈಲು ಸೇರಿದರು. ರೋಬೆಸ್ಪಿಯರ್ ಪತನವಾದ ಮೇಲೆ ಹೊರಗೆ ಬಂದರು. 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದರು. ವಾಪಸ್ ಬಂದವರಿಗೆ ಸಿಕ್ಕಿದ್ದು ಗ್ರೆನೋಬಲ್‌ನಲ್ಲಿ ನಮ್ಮ ಜಿಲ್ಲಾಧಿಕಾರಿಯಂಥ ಹುದ್ದೆ.

ಆ ಕಚೇರಿ ಕೆಲಸದ ನಡುವೆಯೇ ಶಾಖ ಹೇಗೆ ಹರಡುತ್ತೆ ಅಂತ ಲೆಕ್ಕ ಹಾಕಿದರು. 1807ರಲ್ಲಿ ಪ್ಯಾರಿಸ್‌ಗೆ ಪ್ರಬಂಧ ಕಳಿಸಿದರು. ಥಟ್ಟನೆ ಮೇಲೆ ಜಿಗಿಯುವ ಗ್ರಾಫನ್ನು ಕೂಡ ನುಣುಪಾದ ಸೈನ್, ಕೊಸೈನ್ ಅಲೆಗಳನ್ನು ಕೂಡಿಸಿ ಕಟ್ಟಬಹುದು ಅನ್ನೋದು ಅವರ ವಾದ. ಪರಿಶೀಲಿಸಿದವರಲ್ಲಿ ಲಗ್ರಾಂಜ್ ಇದ್ದರು. ಅವರು ಒಪ್ಪಲಿಲ್ಲ, ಪ್ರಬಂಧ ಅಚ್ಚಾಗಲಿಲ್ಲ. ಫೋರಿಯರ್ ಬಿಡಲಿಲ್ಲ, 1811ರಲ್ಲಿ ತಿದ್ದಿ ಸ್ಪರ್ಧೆಗೆ ಕಳಿಸಿದರು. ಬಹುಮಾನ ಬಂತು, ಜೊತೆಗೆ ಸಾಧನೆ ಬಿಗಿಯಾಗಿಲ್ಲ ಅನ್ನೋ ಟೀಕೆಯೂ ಬಂತು. ಪುಸ್ತಕ ಹೊರಬಂದಿದ್ದು 1822ರಲ್ಲಿ, ಅಂದರೆ ಹದಿನೈದು ವರ್ಷ ಆದ ಮೇಲೆ. ಆ ಅಲೆಗಳು ಯಾವಾಗ ಸರಿಯಾಗಿ ಕೂಡುತ್ತವೆ ಅಂತ ಡಿರಿಷ್ಲೆ 1829ರಲ್ಲಿ ತೋರಿಸಿದರು. ಮರುವರ್ಷ ಫೋರಿಯರ್ ತೀರಿಕೊಂಡರು.

ಇದು ವಿಡಿಯೋಗೆ ಬಂದಿದ್ದು ಹೇಗೆ? ಬೆಂಗಳೂರಲ್ಲಿ ಹುಟ್ಟಿ, ಈಗಿನ ಯುವಿಸಿಇಯಲ್ಲಿ ಓದಿದ ನಾಸಿರ್ ಅಹ್ಮದ್ ಅಮೆರಿಕದಲ್ಲಿದ್ದಾಗ, ಇಬ್ಬರು ಜೊತೆಗಾರರೊಂದಿಗೆ 1974ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಪ್ರಕಟಿಸಿದರು. ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಕೊಸೈನ್ ಅಲೆಗಳ ಮೊತ್ತವಾಗಿ ಬರೆಯೋ ವಿಧಾನ ಇದು. ನಿಧಾನದ ಅಲೆಗಳಲ್ಲಿ ದೊಡ್ಡ ನೆರಳು ಬೆಳಕು. ವೇಗದ ಅಲೆಗಳಲ್ಲಿ ಕೂದಲು, ಮಳೆಹನಿ. ಬಿಟ್‌ಗಳು ಸಾಲದೆ ಹೋದರೆ ಮೊದಲು ಬಲಿಯಾಗೋದು ವೇಗದ ಅಲೆಗಳೇ. ತೀರಾ ಕಡಿಮೆಯಾದರೆ ಚೌಕಕ್ಕೆ ಉಳಿಯೋದು ಸರಾಸರಿ ಬಣ್ಣ ಮಾತ್ರ.

ಸ್ಟ್ರೀಮಿಂಗ್‌ನಲ್ಲಿ ಒಂದೇ ಸಿನಿಮಾ ಹಲವು ಗುಣಮಟ್ಟಗಳಲ್ಲಿ, ಕೆಲವೇ ಸೆಕೆಂಡಿನ ತುಂಡುಗಳಾಗಿ ಸರ್ವರ್‌ನಲ್ಲಿ ಇರುತ್ತೆ. ನೆಟ್ ವೇಗ ನೋಡಿ ಆ್ಯಪ್ ಮುಂದಿನ ತುಂಡನ್ನು ಆರಿಸುತ್ತೆ. ಹಾಗಾಗಿ ರೌಟರ್ ಹತ್ತಿರ ಕೂತರೆ, ಟಿವಿಗೆ ಕೇಬಲ್ ಹಾಕಿದರೆ ಫರಕ್ ಕಾಣಬಹುದು. ಆದರೆ ಅಪ್‌ಲೋಡ್ ಆಗುವಾಗಲೇ ಅಲೆಗಳು ಕಳೆದುಹೋಗಿದ್ದರೆ ಎಷ್ಟೇ ಸ್ಪೀಡ್ ಇದ್ದರೂ ಅವು ವಾಪಸ್ ಬರಲ್ಲ.

ಲಗ್ರಾಂಜ್ ಅನುಮಾನವೂ ಪೂರ್ತಿ ಸುಳ್ಳಾಗಿರಲಿಲ್ಲ. ಥಟ್ಟನೆ ಬದಲಾಗುವ ಅಂಚನ್ನು ಕಟ್ಟೋಕೆ ತುಂಬಾ ಅಲೆಗಳು ಬೇಕು. ಕೆಲವನ್ನು ಕೈಬಿಟ್ಟರೆ ಅಂಚು ನಡುಗುತ್ತೆ. ನೆಟ್ ಮಂದವಾದ ರಾತ್ರಿ ಟೈಟಲ್ ಕಾರ್ಡ್‌ನ ಅಕ್ಷರಗಳ ಸುತ್ತ ಸಣ್ಣ ಕಲೆಗಳು ಹರಡಿರುತ್ತಲ್ಲ, 1807ರ ಆ ಜಗಳ ಅಲ್ಲಿ ಈಗಲೂ ಕಾಣುತ್ತೆ.